ಗೋಡೆಯೊಳಗಿನ ತಂತಿ

ಬೈಲಹೊಂಗಲದ ನಮ್ಮ ಬಂಧುಗಳೊಬ್ಬರು ಕಳೆದ ತಿಂಗಳು ನಮ್ಮನ್ನು ಕರೆಯಿಸಿಕೊಂಡರು. ಕರೆಯಿಸಿದ್ದು ಊಟಕ್ಕಾಗಿ ಅಲ್ಲ, ಪಂಚಾಯಿತಿಗಾಗಿ. ತಂದೆಗೂ ಮಗನಿಗೂ ಎಂಟು ದಿನಗಳಿಂದ ಮಾತಿರಲಿಲ್ಲ. ಕಲಹಕ್ಕೆ ಮೂಲವಾದದ್ದು ಹೊಲವಲ್ಲ, ಹಣವಲ್ಲ. ಗೋಡೆಯೊಳಗೆ ಹುಗಿದ ಒಂದು ತಂತಿ.

ಆ ಮನೆ ಹಿರಿಯರ ಕಾಲದ್ದು. ಮಣ್ಣಿನ ಮಾಳಿಗೆ, ಒಂದೂವರೆ ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. 2012ರಲ್ಲಿ ಅದರ ಒಳಕೋಣೆಯನ್ನು ಗೃಹಚಿತ್ರಮಂದಿರವನ್ನಾಗಿ, ಜನರ ಮಾತಿನಲ್ಲಿ ಹೇಳುವದಾದರೆ ಹೋಮ್ ಥಿಯೇಟರನ್ನಾಗಿ ಮಾಡಿಸಿದರು. ಪ್ರೊಜೆಕ್ಟರನ್ನು ಹಿಂದಿನ ತೊಲೆಗೆ ತೂಗಹಾಕಿ, ಮುಂದಿನ ಕಪಾಟಿನಿಂದ ಅಲ್ಲಿಯ ವರೆಗೆ ಹತ್ತು ಮೀಟರಿನ ಎಚ್‌ಡಿಎಂಐ ಕೇಬಲನ್ನು ಗೋಡೆ ಕೊರೆದು ಹುಗಿದು, ಮೇಲೆ ಗಿಲಾವು ಮಾಡಿ ಬಣ್ಣ ಬಳಿಸಿದರು. ಕೊಳವೆಯನ್ನಿಡುವ ಯೋಚನೆ ಆಗ ಯಾರಿಗೂ ಹೊಳೆಯಲಿಲ್ಲ. ಈಗ ಮಗನು ಹೊಸದೊಂದು 4ಕೆ ಪ್ರೊಜೆಕ್ಟರನ್ನು ತಂದಿರುವನು. ಚಿತ್ರವು ಬರುವದು, ಎರಡು ನಿಮಿಷಕ್ಕೆ ಮಾಯವಾಗುವದು. ಮರಳಿ ಬಂದರೆ ನಡುನಡುವೆ ಬಿಳಿಯ ಚುಕ್ಕೆಗಳು ಮಿಣುಕುವವು. ಯಂತ್ರವೇ ಕೆಟ್ಟದ್ದು, ಹಿಂದಕ್ಕೆ ಕೊಡು ಎಂದು ತಂದೆಯವರು. ಕೇಬಲಿನದೇ ದೋಷ, ಗೋಡೆ ಒಡೆಯಿಸೋಣವೆಂದು ಮಗ. ಗವಂಡಿಯೂ ಬಂದು ನಿಂತಿದ್ದನು. ನಾವು ಕೇಳಿದುದಕ್ಕೆ ಅವನು, “ಒಡಿಯೂದು ಒಂದ ದಿನದ ಕೆಲಸರಿ ಮಾಸ್ತರ, ಕೂಡಿಸೂದು ಯಾವಾಗ ಮುಗೀತದೋ ಹೇಳಾಕ ಬರೂದಿಲ್ಲ” ಎಂದನು. ಅವನ ಮಾತಿನಲ್ಲಿ ತಥ್ಯವಿತ್ತು. ತೊಲೆಯ ಭಾರವನ್ನು ಹೊತ್ತ ಮಣ್ಣಿನ ಗೋಡೆಯನ್ನು ಅಡ್ಡಡ್ಡವಾಗಿ ಹತ್ತು ಮೀಟರು ಕೊರೆಯುವದು ಸಾಹಸವೇ ಸರಿ.

ಯಂತ್ರ ಕೆಟ್ಟಿದೆಯೋ ಕೇಬಲು ಸಾಲದೋ ಎಂಬುದನ್ನು ತಿಳಿಯಲು ಗೋಡೆಯನ್ನು ಮುಟ್ಟಬೇಕಾಗಿಲ್ಲ. ಹೊಸ ಕೇಬಲೊಂದನ್ನು ನೆಲದ ಮೇಲೆಯೇ ಹಾಸಿ ಜೋಡಿಸಿ ನೋಡಿದರಾಯಿತು. ಹಾಗೆ ಮಾಡಿದೆವು, ಚಿತ್ರವು ಅಖಂಡವಾಗಿ ನಿಂತಿತು. ಮಗನ ನಿದಾನ ಸರಿ, ಆದರೆ ಚಿಕಿತ್ಸೆ ಸರಿಯಲ್ಲವೆಂದು ನಾವು ತೀರ್ಪು ಕೊಟ್ಟೆವು.

ಕಾರಣವನ್ನು ಹೇಳುವೆವು. ಕೇಬಲು ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಅದು ಹೊರುವ ಭಾರ ಒಂದೇ ಅಲ್ಲ. 2006ರ ಕಟ್ಟಳೆಯಂತೆ ಎಚ್‌ಡಿಎಂಐಯ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್; 2013ರಲ್ಲಿ ಅದು 18 ಆಯಿತು, 2017ರಲ್ಲಿ 48, 2025ರಲ್ಲಿ 96. ಗಿಲಾವಿನೊಳಗೆ ಹುಗಿದದ್ದು ಮೊದಲನೆಯ ತರದ್ದು. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಸಿನೆಮಾಕ್ಕೆ 4ಕೆಯಲ್ಲಿಯೂ ಸುಮಾರು 9 ಗಿಗಾಬಿಟ್ ಸಾಕು. ಅದನ್ನು ಹಳೆಯ ಕೇಬಲೇ ಹೊರಬಲ್ಲದು. 50 ಅಥವಾ 60 ಚಿತ್ರಗಳಂತೆ ಬರುವ ಕ್ರಿಕೆಟಿಗೂ ಆಟಗಳಿಗೂ ಬಣ್ಣದ ಪೂರ್ಣ ವಿವರದೊಡನೆ ಸುಮಾರು 18 ಬೇಕು. ಆದುದರಿಂದ ಬರಿಯ ಸಿನೆಮಾ ನೋಡುವ ಗೃಹಸ್ಥರು ತಮ್ಮ ಪೆಟ್ಟಿಗೆಯನ್ನು 24ಕ್ಕೆ ಹೊಂದಿಸಿ ಸುಮ್ಮನಿರಬಹುದು. ಕಣ್ಣಿಗೆ ಕಾಣದ ಸೂಕ್ಷ್ಮತೆಗೆ ದುಡ್ಡು ಸುರಿಯುವವರೂ ಉಂಟು. ಭರತಮುನಿಯು ಮಧ್ಯಮ ನಾಟ್ಯಮಂಟಪವನ್ನು 64 ಹಸ್ತ ಉದ್ದ, 32 ಹಸ್ತ ಅಗಲವೆಂದು ವಿಧಿಸಿ, ಅದಕ್ಕೂ ದೊಡ್ಡದಾದರೆ ನಟನ ಮುಖಭಾವ ಸ್ಪಷ್ಟವಾಗದೆಂದು ಕಾರಣ ಹೇಳಿರುವನು. ಸಣ್ಣ ಪರದೆಯನ್ನು ದೂರದಲ್ಲಿ ಕುಳಿತು ನೋಡುವವರಿಗೂ ಆ ವಿವೇಕ ಸಲ್ಲುತ್ತದೆ.

ನಮ್ಮ ಬಂಧುಗಳ ಮಗನಿಗೆ ಮಾತ್ರ ಕ್ರಿಕೆಟೇ ಬೇಕು. ತಾಮ್ರದ ಸಾದಾ ಕೇಬಲನ್ನು 48 ಗಿಗಾಬಿಟ್ಟಿಗೆ ಐದು ಮೀಟರಿನಾಚೆ ನಂಬಲಾಗದು. ದೂರಕ್ಕೆ ಗಾಜಿನ ಎಳೆಯುಳ್ಳ ಕೇಬಲನ್ನು ತರಬೇಕು. ಅದಕ್ಕೆ ದಿಕ್ಕುಂಟು: ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ಪರದೆಯ ಯಂತ್ರಕ್ಕೆ, ತಿರುವುಮುರುವಾದರೆ ಚಿತ್ರವೇ ಬಾರದು. ಹಾಕುವ ಮೊದಲು ಪರೀಕ್ಷಿಸತಕ್ಕದ್ದು, ಎಲ್ಲಿಯೂ ಚೂಪಾಗಿ ಮಡಿಸಕೂಡದು. ಇದನ್ನು ತೊಲೆಯ ಕೆಳಗೆ ಗೋಡೆಯ ಮೇಲ್ಮೈಯಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಸಾಗಿಸಿ, ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿಸಿದೆವು. ಹಳೆಯದು ಗೋಡೆಯಲ್ಲಿಯೇ ಉಳಿಯಿತು.

ಪರದೇಶದ ಪುಸ್ತಕಗಳನ್ನೋದಿ, ಗೋಡೆಯೊಳಗೆ ಕೇಬಲನ್ನು ಇಳಿಬಿಡುವದು ಸುಲಭವೆಂದು ಭ್ರಮಿಸುವವರಿದ್ದಾರೆ. ಅಮೇರಿಕೆಯ ಮನೆಗಳಲ್ಲಿ ಗೋಡೆಯೆಂದರೆ ಬಹುಮಟ್ಟಿಗೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ, ಒಳಗೆಲ್ಲ ಪೊಳ್ಳು. ನಮ್ಮ ಇಟ್ಟಂಗಿ, ಕಲ್ಲು, ಮಣ್ಣಿನಲ್ಲಿ ಪೊಳ್ಳೆಲ್ಲಿಯದು? ಸವದತ್ತಿಯಲ್ಲಾಗಲಿ ರಾಮದುರ್ಗದಲ್ಲಾಗಲಿ ಈಗ ಹೊಸಮನೆ ಕಟ್ಟಿಸುವವರು ಗಿಲಾವಿಗಿಂತ ಮೊದಲೇ ಆ ಪೊಳ್ಳನ್ನು ಕೊಳವೆಯ ರೂಪದಲ್ಲಿ ತಾವೇ ಇಟ್ಟುಕೊಳ್ಳಬೇಕು. ದೀಪದ ತಂತಿಗೆ ಹಾಕುವ 25 ಮಿಲಿಮೀಟರಿನದು ಇದಕ್ಕೆ ಸಾಲದು. ಎಚ್‌ಡಿಎಂಐಯ ತಲೆ ಅದರ ತಿರುವಿನಲ್ಲಿ ಸಿಕ್ಕಿಕೊಳ್ಳುವದು. 50 ಮಿಲಿಮೀಟರಿನ ಕೊಳವೆ ಇರಲಿ, ತಿರುವುಗಳು ವಿಶಾಲವಾಗಿರಲಿ, ದೀಪದ ತಂತಿಯಿಂದ ಒಂದು ಗೇಣಾದರೂ ದೂರವಿರಲಿ. ಒಳಗೊಂದು ನೈಲಾನ್ ಹಗ್ಗವನ್ನು ಬಿಟ್ಟಿರಬೇಕು. ಪ್ರತಿಸಲ ಕೇಬಲನ್ನೆಳೆಯುವಾಗ ಅದರ ಜೊತೆಗೆ ಮತ್ತೊಂದು ಹಗ್ಗವನ್ನೂ ಎಳೆದಿಡಬೇಕು, ಇಲ್ಲವಾದರೆ ಮುಂದಿನ ಸಲ ಕೈ ಕಟ್ಟಿದಂತಾಗುವದು. ಇಲಿಗಳು ಹೊಗದಂತೆ ಬಾಯಿಗಳನ್ನು ಮುಚ್ಚಿಡುವದನ್ನೂ ಮರೆಯಬಾರದು.

ಕಿತ್ತೂರ ಕೋಟೆಯ ಹಾಳು ಅರಮನೆಯಲ್ಲಿ ಧ್ರುವನಕ್ಷತ್ರವನ್ನು ನೋಡುವದಕ್ಕೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಬಂದವರಿಗೆ ತೋರಿಸುವದುಂಟು. ಧ್ರುವನು ಸ್ಥಿರನು, ಒಮ್ಮೆ ಇಟ್ಟ ಕಿಂಡಿ ತಲೆಮಾರುಗಳಿಗೆ ಸಾಕು. ಎಚ್‌ಡಿಎಂಐಯವರಿಗೆ ಆ ಸ್ಥೈರ್ಯವಿಲ್ಲ.

ಪಟ್ಟಿಯ ಕೆಲಸ ಮುಗಿದ ಸಂಜೆ ನಾವೂ ಅಲ್ಲಿದ್ದೆವು. ಮಗನು, “ಅಪ್ಪಾ, ಮೊದಲ ನೀವು ಹೇಳ್ರಿ, ಏನ ಹಚ್ಚಲಿ?” ಎಂದು ಕೇಳಿದನು. ತಂದೆಯವರು 1961ರ ‘ಕಿತ್ತೂರು ಚೆನ್ನಮ್ಮ’ವನ್ನು ಹಚ್ಚೆಂದರು. ಕಪ್ಪುಬಿಳುಪಿನ ಆ ಚಿತ್ರವನ್ನು ಗೋಡೆಯೊಳಗಿನ ಹಳೆಯ ಕೇಬಲೇ ಯಾವ ಶ್ರಮವೂ ಇಲ್ಲದೆ ತೋರಿಸುತ್ತಿತ್ತು. ಮಗನು ನಮ್ಮ ಮುಖವನ್ನು ನೋಡಿದನು. ನಾವು ಏನೂ ಹೇಳಲಿಲ್ಲ.