ಇನ್‌ಹೇಲರ್ ಚಟವಂತೆ!

ಜೂನ್ ಬಂತೆಂದರೆ ಹೈದರಾಬಾದಿನ ನಮ್ಮ ಮನೆ ಛತ್ರ. ಮೃಗಶಿರ ಕೂಡುವ ದಿನ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಉಬ್ಬಸಕ್ಕೆ ಮೀನಿನ ಔಷಧಿ ಕೊಡುತ್ತಾರಲ್ಲ, ಅದಕ್ಕೆ ಊರಿನಿಂದ ನೆಂಟರು ಬರುತ್ತಾರೆ. ಮೊನ್ನೆ ಕಲಬುರಗಿಯಿಂದ ತಂಗಿಯ ಮಗಳ ಫೋನು. "ಮಾಮಾ, ಡಾಕ್ಟ್ರು ಹುಡುಗಗ ಪಂಪ್ ಬರದು ಕೊಟ್ಟಾರ. ಅದು ಚಟಾ ಆಗ್ತದಂತ, ಬ್ಯಾಡ. ನೀವು ಮೀನಿನ ಔಷಧಿ ಕೊಡಸ್ರಿ."

ನಾನೂ ಆ ಸಾಲಿನಲ್ಲಿ ನಿಂತವನೇ. 2003ರಲ್ಲಿ ಆರು ವರ್ಷದ ಮಗನ ಮೂಗು ಹಿಡಿದು, ಹಳದಿ ಲೇಹ ತುಂಬಿದ ಜೀವಂತ ಮೀನಿನ ಮರಿ ನುಂಗಿಸಿದೆ. ದಿನಾ ಕೊಡುತ್ತಿದ್ದ ಇನ್‌ಹೇಲರ್ ನಿಲ್ಲಿಸಿದೆ. 45 ದಿನದ ಪಥ್ಯ ಮುಗಿಯುವ ಮೊದಲೇ ಒಂದು ಮಳೆಯ ರಾತ್ರಿ ಅವನಿಗೆ ಒಂದು ವಾಕ್ಯ ಪೂರ್ತಿ ಆಡಲಾಗಲಿಲ್ಲ. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿತ್ತು, ತುಟಿ ನೀಲಿ. ಆಸ್ಪತ್ರೆ ಮುಟ್ಟಿದೆವು, ಉಳಿದ. ಆ ತಪ್ಪು ಮೀನಿನದಲ್ಲ, ಇನ್‌ಹೇಲರ್ ನಿಲ್ಲಿಸಿದ ನನ್ನದು.

"ನಮ್ಮವರಿಗೆ ಗುಣವಾಗಿದೆಯಲ್ಲ?" ಅನ್ನುತ್ತೀರಿ. ನೋಡಿ, ಉಬ್ಬಸ ಏರಿಳಿಯುವ ಕಾಯಿಲೆ. ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ತಾನೇ ತಗ್ಗುತ್ತದೆ. ಕೊನೆಗೆ ಏನು ಮಾಡಿದ್ದೆವೋ ಅದಕ್ಕೆ ಕೀರ್ತಿ! ಮೀನಿನಿಂದ ಉಬ್ಬಸ ವಾಸಿಯಾಗುತ್ತದೆಂದು ವೈಜ್ಞಾನಿಕವಾಗಿ ಸಾಬೀತಾಗಿಲ್ಲ.

ಇನ್ನು ಸ್ಟಿರಾಯ್ಡ್ ಭಯ. ಉಬ್ಬಸ ಕೆರಳಿದಾಗ ಕೊಡುವ ಮಾತ್ರೆ, ಸಿರಪ್ಪು ಮಿಲಿಗ್ರಾಂ ಲೆಕ್ಕದ್ದು. ಇನ್‌ಹೇಲರಿನದು ಮೈಕ್ರೋಗ್ರಾಂ, 1000 ಕೂಡಿದರೆ ಒಂದು ಮಿಲಿಗ್ರಾಂ. ಅದೂ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ದಿನಾ ಪೈಸೆ ಕಟ್ಟಲು ಹೆದರಿ, ಕೊನೆಗೆ ಒಟ್ಟಿಗೆ ನೋಟು ಎಣಿಸುವ ಬುದ್ಧಿ ನಮ್ಮದು. ಎತ್ತರ ಕುಂಠಿತವಾಗುತ್ತದೆಯೇ? ವರ್ಷಗಟ್ಟಲೆ ಬಳಸಿದರೆ ಸರಾಸರಿ ಒಂದು ಸೆಂಟಿಮೀಟರಿನ ಆಸುಪಾಸು ಕಡಿಮೆಯಾಗಬಹುದು. ಉಸಿರಿಗಿಂತ ಅದು ದೊಡ್ಡದೇ?

ಚಟವಂತೂ ಅಲ್ಲ. ಉಬ್ಬಸದಲ್ಲಿ ಶ್ವಾಸನಾಳದ ಒಳಗೋಡೆ ಸದಾ ಊದಿಕೊಂಡಿರುತ್ತದೆ. ಊತ ಇಳಿಸುವ ಇನ್‌ಹೇಲರ್ ಬೇರೆ, ಅದನ್ನು ಕೆಮ್ಮಿಲ್ಲದ ದಿನವೂ ಕೊಡಬೇಕು. ಬಿಗಿದ ನಾಳ ಸಡಿಲಿಸುವ ಸಾಲ್‌ಬ್ಯುಟಮಾಲ್ ಬೇರೆ. ಎರಡನೆಯದನ್ನೇ ಪದೇ ಪದೇ ಕೊಟ್ಟು ಮೊದಲನೆಯದನ್ನು ಬಿಟ್ಟರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಮಕ್ಕಳಿಗೆ ಸ್ಪೇಸರ್ ಬೇಕೇ ಬೇಕು, ಚಿಕ್ಕವರಿಗೆ ಮಾಸ್ಕೂ ಬೇಕು. ಚೆನ್ನಾಗಿ ಅಲ್ಲಾಡಿಸಿ, ಒಂದು ಸಲಕ್ಕೆ ಒಂದೇ ಪಫ್, ಐದಾರು ಉಸಿರು. ಸ್ಟಿರಾಯ್ಡ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ. ಯಾವಾಗ ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಲಿ, ಪಕ್ಕದ ಮನೆಯವರಲ್ಲ.

ಮತ್ತೆ ಮನೆಯೊಳಗಿನ ಸೊಳ್ಳೆ ಬತ್ತಿ, ಧೂಪ, ಅಪ್ಪನ ಸಿಗರೇಟು? ಅದನ್ನು ಮಾತ್ರ ಯಾರೂ ಬಿಡುವುದಿಲ್ಲ. ಚಟ ಅಂದರೆ ಅದು ಸ್ವಾಮಿ!

ತಂಗಿಯ ಮಗಳಿಗೆ ಹೇಳಿದ್ದೇನೆ: ಬಾರವ್ವ, ಜೋಳದ ರೊಟ್ಟಿ ಉಂಡು ಹೋಗು. ಸಾಲಿನಲ್ಲಿ ಮಾತ್ರ ನಾನು ನಿಲ್ಲುವುದಿಲ್ಲ. ಬರುವಾಗ ಹುಡುಗನ ಚೀಲದಲ್ಲಿ ಪಂಪು, ಸ್ಪೇಸರ್ ಮರೆಯಬೇಡ.