ಬೇಸರಪಟ್ಟ ಪ್ರೇಕ್ಷಕ ದಡ್ಡನಲ್ಲ

ಕಲಾತ್ಮಕ ಸಿನಿಮಾ ನೋಡಿ ‘ಯಾಕೋ ಮನಸ್ಸಿಗೆ ನಾಟಲಿಲ್ಲ’ ಎಂದರೆ ಸಿಗುವ ಸಿದ್ಧ ಉತ್ತರ ಒಂದೇ: ನಿಮಗದು ಅರ್ಥವಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ನಮ್ಮಂಥವರಿಗೆ ಈ ಮಾತು ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಬೆಳ್ಳಂಬೆಳಗಿನತನಕ ಹಾಡುವ, ಕೇಳುವ ಜನ ನಾವು. ಕವಿ ಮಧುರಚೆನ್ನರ ಹಲಸಂಗಿ ಇದೇ ಸೀಮೆಯದು. ಅವರ ಬಳಗವಾದ ಹಲಸಂಗಿ ಗೆಳೆಯರು ‘ಗರತಿಯ ಹಾಡು’ಗಳನ್ನು ಕೂಡಿಸಿದ್ದು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ. ನಮಗೆ ಸಂಕೇತ ಹೊಸದಲ್ಲ, ನಿಧಾನವೂ ಹೊಸದಲ್ಲ.

ಗಿರೀಶ ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ ಚಿತ್ರದ ಬಗ್ಗೆ ನನ್ನ ತಕರಾರೂ ಅರ್ಥವಾಗದೆ ಹುಟ್ಟಿದ್ದಲ್ಲ. ಅಮರೇಶ ನುಗಡೋಣಿಯವರ ಕಥೆ, ನಮ್ಮ ಕಡೆಯ ಮಾತು, ಕುಣಿ ತೋಡುವ ಈರ್ಯಾನಾಗಿ ವೈಜನಾಥ ಬಿರಾದಾರ. ಚಿಕ್ಕಪುಟ್ಟ ಹಾಸ್ಯ ಪಾತ್ರಗಳಿಗೇ ಮೀಸಲಾಗಿದ್ದ ಈ ನಟನ ಮುಖದಲ್ಲಿ ಹಸಿವು, ನಂಬಿಕೆ ಎರಡೂ ಒಟ್ಟಿಗೇ ಕಾಣುತ್ತವೆ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತವೆಂದು ಈರ್ಯಾ ನಂಬಿದ್ದಾನೆ. ಗೌಡರ ಮನೆಯವರು ತಮ್ಮಲ್ಲಾದ ಸಾವನ್ನು ಮುಚ್ಚಿಡುತ್ತಾರೆ, ಬಡವನ ಕನಸು ಸುಳ್ಳಾಗುತ್ತದೆ. ಯಾರು ಸತ್ತರು, ಯಾವಾಗ ಸತ್ತರು ಎಂದು ಸಾರುವ ಅಧಿಕಾರವೂ ವಾಡೆಯವರದ್ದೇ. ಇದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ?

2009ರ ಸಾಲಿನಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು, ಚಿತ್ರಕಥೆಗೂ ಪ್ರಶಸ್ತಿ ಬಂತು. ನನ್ನ ನಿರಾಸೆ ಆ ಚಿತ್ರಕಥೆಯ ಬಗ್ಗೆಯೇ. ನಡೆದದ್ದನ್ನೇ ಬೇರೆ ಕಡೆಯಿಂದ ಮತ್ತೆ ತೋರಿಸುವಾಗ ನೋಡುವವನ ಗಮನವೆಲ್ಲ ಕನಸು ನಿಜವೋ ಸುಳ್ಳೋ ಎಂಬ ಒಗಟಿನ ಕಡೆ ಹೊರಳುತ್ತದೆ. ಈರ್ಯಾನ ಕೈಗೆ ತಲೆಮಾರುಗಳಿಂದ ಗುದ್ದಲಿ ಕೊಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಬಿ.ವಿ. ಕಾರಂತರ ‘ಚೋಮನ ದುಡಿ’ಯೂ (1975) ನಿಧಾನದ ಚಿತ್ರವೇ. ಆದರೆ ಅಲ್ಲಿ ದುಡಿ ಚೋಮನ ಸಿಟ್ಟಿನಿಂದಲೇ ಸದ್ದು ಮಾಡುತ್ತದೆ, ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಾತ್ರದ ಬದುಕಿನಿಂದ ಹುಟ್ಟದ ಸಂಕೇತ ನಿರ್ದೇಶಕರದ್ದಾಗಿ ಉಳಿಯುತ್ತದೆ, ನಮ್ಮದಾಗುವುದಿಲ್ಲ.

ಹೀಗೆಂದ ಕೂಡಲೇ ‘ಹಾಗಾದರೆ ಹೊಡೆದಾಟದ ಸಿನಿಮಾ ನೋಡಿ’ ಎನ್ನುವವರಿದ್ದಾರೆ. ಅದು ವಾದವಲ್ಲ, ಅವಮಾನ. ಕಾಸರವಳ್ಳಿಯವರನ್ನು ದೊಡ್ಡ ನಿರ್ದೇಶಕರೆಂದು ನಂಬಿರುವುದರಿಂದಲೇ ಅವರ ಚಿತ್ರದೊಂದಿಗೆ ಜಗಳಕ್ಕೆ ನಿಂತಿದ್ದೇನೆ.

ಈ ಜಗಳದ ಹಕ್ಕು ಎಲ್ಲ ಪ್ರೇಕ್ಷಕರಿಗೂ ಇದೆ; ಸರ್ಕಾರ ಜನರ ತೆರಿಗೆಯಿಂದ ಇಂಥ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಕೊಡಲಿ, ಇನ್ನೂ ಹೆಚ್ಚು ಕೊಡಲಿ. ಆದರೆ ಸಹಾಯಧನ ಪಡೆದ ಪ್ರತಿ ಚಿತ್ರವೂ ಇಂಡಿ, ಮುದ್ದೇಬಿಹಾಳದಂಥ ತಾಲ್ಲೂಕು ಊರುಗಳಲ್ಲಿ ಒಮ್ಮೆಯಾದರೂ ತೆರೆ ಕಾಣಬೇಕು. ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ಜನರ ನಡುವೆ ಕೂತು, ಹೊಗಳಿಕೆಯ ಜೊತೆಗೆ ಬೈಗುಳವನ್ನೂ ಕೇಳಿಸಿಕೊಳ್ಳಲಿ.