52 ಕಂತೋ, ಒಂದೇ ಸಂಜೆಯೋ?

ದಸರಾ ರಜೆ ಶುರುವಾದ ದಿನವೇ ನಮ್ಮ ಮನೆಯಲ್ಲಿ ಜಗಳವೂ ಶುರುವಾಯಿತು. ಹದಿಮೂರರ ಮಗನಿಗೂ ಎಂಟರ ಮಗಳಿಗೂ ಮೋಗ್ಲಿಯೇ ಬೇಕು. ಆದರೆ ಯಾವ ಮೋಗ್ಲಿ?

ಮಗ ಹಿಡಿದದ್ದು 2016ರ ‘ದಿ ಜಂಗಲ್ ಬುಕ್’ ಸಿನಿಮಾ. ಎರಡು ಗಂಟೆಯೊಳಗೆ ಮುಗಿಯುತ್ತದೆ, ಆಮೇಲೆ ಕ್ರಿಕೆಟ್ಟಿಗೆ ಓಡಬಹುದು ಎಂಬ ಲೆಕ್ಕ ಅವನದು. ಮಗಳಿಗೆ ನಾನು ಆಗಾಗ ಹೊಗಳುತ್ತಿದ್ದ ಹಳೆಯ ಧಾರಾವಾಹಿಯೇ ಆಗಬೇಕು. ತಪ್ಪು ನನ್ನದೇ ಬಿಡಿ.

1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಅದು ಬರುವಾಗ ಬಸವಾಪಟ್ಟಣದ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಿ. ಆಂಟೆನಾ ತಿರುಗಿಸುವ ಕೆಲಸ ನನ್ನದು. ಎಷ್ಟೋ ಸಲ ಶೇರ್ ಖಾನ್ ಬಂದಾಗ ನಾನು ಹೆಂಚಿನ ಮೇಲಿರುತ್ತಿದ್ದೆ. ನಾನಾ ಪಾಟೇಕರ್ ದನಿ ಮಾತ್ರ ಅಲ್ಲಿಗೂ ಕೇಳುತ್ತಿತ್ತು. ಗುಲ್ಜಾರ್ ಬರೆದ ಚಡ್ಡಿಯ ಹಾಡು ಹಿಂದಿ ಬಾರದ ನಮಗೂ ಬಾಯಿಪಾಠ. ಅದು ಜಪಾನಿನ ನಿಪ್ಪಾನ್ ಅನಿಮೇಷನ್‌ನವರು 1989ರಲ್ಲಿ ಶುರುಮಾಡಿದ ಅನಿಮೆ ಎಂದು ಆಗ ಯಾರಿಗೆ ಗೊತ್ತಿತ್ತು! ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ 1894ರಲ್ಲಿ ಪುಸ್ತಕವಾಗಿ ತಂದ ಸಿಯೋನಿ ಕಾಡಿನ ಕಥೆ, ಜಪಾನು ಸುತ್ತಿ ಹಿಂದಿಯಲ್ಲಿ ನಮ್ಮೂರಿಗೆ ಬಂದಿತ್ತು.

ಮೊದಲ ಸಂಜೆ ಮಗನೇ ಗೆದ್ದ. ಸಿನಿಮಾ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಾಡು, ಪ್ರಾಣಿಗಳೆಲ್ಲ ಕಂಪ್ಯೂಟರಿನವು, ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್‌ನ ಸ್ಟುಡಿಯೋದೊಳಗೆ ಎಂದರೆ ನಂಬುವುದೇ ಕಷ್ಟ. ಹಿಂದಿಯಲ್ಲಿ ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರ್ ದನಿ. ಅದು ತಮಿಳು, ತೆಲುಗಿನಲ್ಲೂ ಬಂತು, ಕನ್ನಡದಲ್ಲಿ ಬರಲಿಲ್ಲ. “ಏನಂತಪ್ಪಾ ಆ ಕರಡಿ?” ಎಂದು ನಮ್ಮವ್ವ ಕೇಳಿದಾಗಲೆಲ್ಲ “ತಡಿಯಜ್ಜೀ” ಎಂದರು ಮಕ್ಕಳು. ಮೂರನೇ ಸಲಕ್ಕೆ ಅವ್ವ ಎದ್ದು ಅಡಿಕೆ ಸುಲಿಯಲು ಹೋದಳು.

ಅಷ್ಟರಲ್ಲಿ ಹೆಬ್ಬಾವು ‘ಕಾ’ ಮೋಗ್ಲಿಯನ್ನು ಸುತ್ತಿಕೊಂಡಿತು. ನಮ್ಮದು ಹಿತ್ತಿಲು ದಾಟಿದರೆ ಅಡಿಕೆ ತೋಟ. ಅವತ್ತು ರಾತ್ರಿ ಮಗಳು ಬಚ್ಚಲಿಗೂ ಒಬ್ಬಳೇ ಹೋಗಲಿಲ್ಲ. ಕಿಪ್ಲಿಂಗನ ಪುಸ್ತಕದಲ್ಲಿ ಕಾ ಮೋಗ್ಲಿಯ ಗೆಳೆಯ, ಮಂಗಗಳಿಂದ ಅವನನ್ನು ಬಿಡಿಸಿದ್ದೇ ಅದು ಎಂದೆ. 1967ರಲ್ಲಿ ಡಿಸ್ನಿಯವರು ಮಾಡಿದ ಕಾರ್ಟೂನ್ ಸಿನಿಮಾ ಅದನ್ನು ಕೇಡಿಯಾಗಿಸಿತು; 2016ರದ್ದು ಅದೇ ಹಾದಿ ಹಿಡಿಯಿತು. “ಪಾಪ, ಯಾಕೆ ಹಂಗ್ ಮಾಡಿದ್ರು?” ಎಂದು ಅವಳಿಗೆ ಸಿಟ್ಟೇ ಬಂತು. ಗಂಟೆ ಮುಕ್ಕಾಲರಲ್ಲಿ ಕಥೆ ಮುಗಿಸುವವರಿಗೆ ಹೆದರಿಸುವವರು ಬೇಗಬೇಗ ಬೇಕಲ್ಲ! ಜಪಾನಿನವರ ಕಾ ಮಾತ್ರ ಗೆಳೆಯನಾಗಿಯೇ ಉಳಿದಿದೆ.

ಮಾರನೇ ದಿನ ಧಾರಾವಾಹಿ ಹಾಕಿದೆ. ನೆನಪಿನಲ್ಲಿದ್ದಷ್ಟು ಚುರುಕಾಗಿರಲಿಲ್ಲ. ಬಣ್ಣ ಮಾಸಿದೆ, ಹಿನ್ನೆಲೆಯ ಮರಗಳು ಅಲ್ಲಾಡುವುದಿಲ್ಲ. ಮಗ ಅರ್ಧಕ್ಕೇ ಬ್ಯಾಟು ಹಿಡಿದು ಹೊರಟ. ಆದರೆ ಆ ನಿಧಾನವೇ ಅವ್ವನಿಗೆ ಅನುಕೂಲವಾಯಿತು. ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಹಿಂದಿಯಲ್ಲಿ ಮಗಳೇ ದುಭಾಷಿಯಾದಳು. “ತೋಳ ಆ ಮಗೂನ ಸಾಕ್ಕೊಳುತ್ತಂತಜ್ಜಿ.” “ಹಾಲೇನು ಕೊಡುತ್ತಂತವ್ವಾ?” ಎಂದು ಅವ್ವ ಕೇಳಿದರೆ ನಿಲ್ಲಿಸಿ ಚರ್ಚೆ. ಒಂದು ಕಂತಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಹತ್ತರೊಳಗಿನ ಮಕ್ಕಳಿದ್ದರೆ ಧಾರಾವಾಹಿಯಿಂದಲೇ ಶುರುಮಾಡಿ ಎನ್ನುತ್ತೇನೆ. ಸಿನಿಮಾ ಆಮೇಲೂ ನೋಡಬಹುದು. ಹಾವಿನ ಭಯವಿರುವ ಮಗುವಾದರೆ ಪಕ್ಕದಲ್ಲೇ ಕೂತಿರಿ.

ದಿನಕ್ಕೊಂದೇ ಕಂತು ಎಂದು ಕಟ್ಟು ಮಾಡಿದ್ದೇವೆ. ರಜೆ ಮುಗಿದ ಮೇಲೆ ಭಾನುವಾರ ಮಾತ್ರ. ಅವ್ವ ಈಗ ಅಡಿಕೆ ಸುಲಿಯುವ ಕತ್ತಿಯನ್ನು ಟಿ.ವಿ. ಇರುವ ಪಡಸಾಲೆಗೇ ತಂದಿದ್ದಾಳೆ. ನಿನ್ನೆ ಮಗ ಆಟ ಮುಗಿಸಿ ಬಂದವನು ಬಾಗಿಲಲ್ಲೇ ಬ್ಯಾಟು ಊರಿ ನಿಂತು ಏಳನೇ ಕಂತು ಪೂರ್ತಿ ನೋಡಿದ. ಕೂರಲಿಲ್ಲ.